ಮರೆಯಿಲ್ಲದ ರಾತ್ರಿ: 1944ರ ನ್ಯೂರೆಂಬರ್ಗ್ ದಾಳಿ, ಒಂದು ಪ್ರಕರಣ ಅಧ್ಯಯನ

ಎರಡನೇ ಮಹಾಯುದ್ಧದ ಬ್ರಿಟಿಷ್ ರಾತ್ರಿ ಬಾಂಬರ್‌ನಲ್ಲಿ ಬಂದೂಕುಗಳಿದ್ದವು, ನಿಜ. ಆದರೆ ಅದರ ಪ್ರಾಣ ಉಳಿಯುತ್ತಿದ್ದದ್ದು ಮರೆಯಿಂದ. ಕತ್ತಲೆ ಒಂದು ಮರೆ, ಮೋಡ ಇನ್ನೊಂದು. ಗುರಿ ಯಾವ ಊರೆಂದು ಶತ್ರುವಿಗೆ ತಿಳಿಯದಂತೆ ಅಂಕುಡೊಂಕಾಗಿ ಹಾಕಿದ ದಾರಿ ಮೂರನೆಯದು. ನೂರಾರು ವಿಮಾನಗಳ ಒತ್ತಾದ ಪ್ರವಾಹದಲ್ಲಿ ತಾನೂ ಒಂದಾಗಿ ಕಳೆದುಹೋಗುವುದು ನಾಲ್ಕನೆಯದು. ರಾಡಾರ್‌ನ ಕಣ್ಣಿಗೆ ಮಣ್ಣೆರಚುವ ಅಲ್ಯೂಮಿನಿಯಂ ಹಾಳೆಯ ಪಟ್ಟಿಗಳು ಐದನೆಯದು. ಇವುಗಳಲ್ಲಿ ಒಂದೆರಡು ಕೈಕೊಟ್ಟರೂ ಉಳಿದವು ಕಾಯುತ್ತಿದ್ದವು. 1944ರ ಮಾರ್ಚ್ 30ರ ರಾತ್ರಿ ಐದೂ ಕೈಕೊಟ್ಟವು. ಅದರಲ್ಲಿ ಎರಡನ್ನು ವಿಮಾನ ಮೇಲೇಳುವ ಮೊದಲೇ ಮೇಜಿನ ಮೇಲೆ ಬಿಟ್ಟುಕೊಡಲಾಗಿತ್ತು.

ಆ ರಾತ್ರಿ ಜರ್ಮನಿಯ ನ್ಯೂರೆಂಬರ್ಗ್ ನಗರದ ಕಡೆ ಹೊರಟದ್ದು 795 ವಿಮಾನಗಳು: ನಾಲ್ಕು ಇಂಜಿನ್ನಿನ ಭಾರಿ ಬಾಂಬರ್‌ಗಳಾದ 572 ಲ್ಯಾಂಕಾಸ್ಟರ್, 214 ಹ್ಯಾಲಿಫ್ಯಾಕ್ಸ್, ಜೊತೆಗೆ ಹಗುರವಾದ 9 ಮಾಸ್ಕಿಟೊ. 64 ಲ್ಯಾಂಕಾಸ್ಟರ್, 31 ಹ್ಯಾಲಿಫ್ಯಾಕ್ಸ್, ಒಟ್ಟು 95 ವಿಮಾನಗಳು ಹಿಂದಿರುಗಲಿಲ್ಲ. ಶೇಕಡಾ 11.9. ಇಂಗ್ಲೆಂಡಿಗೆ ಮರಳಿದ ಮೇಲೆ ನೆಲಕ್ಕಪ್ಪಳಿಸಿ ಗುಜರಿಯಾದವು ಈ ಲೆಕ್ಕದಲ್ಲಿಲ್ಲ. 545 ವೈಮಾನಿಕರು ಸತ್ತರು. ಬಾಂಬು ಬಿದ್ದ ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸತ್ತವರು 69 ಮಂದಿ. ಬ್ರಿಟಿಷ್ ವಾಯುಪಡೆಯ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡ್‌ನ ಇಡೀ ಯುದ್ಧದಲ್ಲಿ ಒಂದೇ ರಾತ್ರಿಯ ನಷ್ಟವಾಗಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಅದಕ್ಕೆ ಮೊದಲಿನ ದಾಖಲೆ ಆರು ವಾರಗಳ ಹಿಂದಿನ ಲೈಪ್ಜಿಗ್ ದಾಳಿಯದು: 78 ವಿಮಾನ.

ಮೂವತ್ತರ ಲೆಕ್ಕ

ವಿಮಾನಕ್ಕೆ ಏಳು ಜನ. ಪೈಲಟ್, ಅವನ ಬಲಕ್ಕೆ ಪೆಟ್ರೋಲ್ ಟ್ಯಾಂಕ್‌ಗಳನ್ನೂ ಇಂಜಿನ್ ಬಿಸಿಯನ್ನೂ ನೋಡಿಕೊಳ್ಳುವ ಫ್ಲೈಟ್ ಇಂಜಿನಿಯರ್, ಪರದೆಯ ಹಿಂದೆ ದೀಪದಡಿ ನಕ್ಷೆ ಹರಡಿಕೊಂಡ ನ್ಯಾವಿಗೇಟರ್, ಅವನ ಹಿಂದೆ ವೈರ್‌ಲೆಸ್ ಆಪರೇಟರ್, ಮೂತಿಯಲ್ಲಿ ಹೊಟ್ಟೆಯ ಮೇಲೆ ಮಲಗುವ ಬಾಂಬ್ ಏಮರ್, ಬೆನ್ನ ಮೇಲಿನ ಗೋಪುರದಲ್ಲಿ ಒಬ್ಬ ಗನ್ನರ್, ಬಾಲದ ತುದಿಯ ಗೋಪುರದಲ್ಲಿ ಇನ್ನೊಬ್ಬ. ಎಲ್ಲರೂ ತಾವಾಗಿ ಹೆಸರು ಕೊಟ್ಟು ಬಂದವರು. ಹೆಚ್ಚಿನವರಿಗೆ ವಯಸ್ಸು ಇಪ್ಪತ್ತರ ಆಚೀಚೆ. ಬ್ರಿಟನ್ನಿನವರ ಜೊತೆ ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನ ಹುಡುಗರೂ ಒಂದೇ ವಿಮಾನದಲ್ಲಿ ಇರುತ್ತಿದ್ದರು.

ಒಂದು ಸರದಿ ಎಂದರೆ 30 ದಾಳಿ. ಅದು ಮುಗಿದರೆ ಆರು ತಿಂಗಳು ತರಬೇತಿ ಕೇಂದ್ರದಲ್ಲಿ ಪಾಠ ಹೇಳುವ ಕೆಲಸ, ಆಮೇಲೆ ಬೇಕಿದ್ದರೆ 20 ದಾಳಿಯ ಎರಡನೇ ಸರದಿ. ಪ್ರತಿ ದಾಳಿಯಲ್ಲಿ ನೂರಕ್ಕೆ 5 ವಿಮಾನ ಹೋದರೆ 30 ದಾಳಿ ಮುಗಿಸುವವರು ನೂರಕ್ಕೆ 21. ನೂರಕ್ಕೆ 4 ಹೋದರೆ 29 ಜನ. ನ್ಯೂರೆಂಬರ್ಗ್‌ನ 11.9ರ ದರ ಹಾಗೇ ಮುಂದುವರಿದಿದ್ದರೆ ಇಬ್ಬರು. ಈ ಗುಣಾಕಾರವನ್ನು ಮೆಸ್ಸಿನಲ್ಲಿ ಯಾರೂ ಬಾಯಿಬಿಟ್ಟು ಮಾಡುತ್ತಿರಲಿಲ್ಲ, ಮನಸ್ಸಿನಲ್ಲಿ ಮಾಡದವರೂ ಇರಲಿಲ್ಲ. ಇನ್ನು ಹೋಗಲಾರೆ ಎಂದವನ ಕಡತಕ್ಕೆ ‘ನೈತಿಕ ಸ್ಥೈರ್ಯದ ಕೊರತೆ’ ಎಂಬ ಮುದ್ರೆ ಬೀಳುತ್ತಿತ್ತು. ಎದೆಯ ಮೇಲಿನ ರೆಕ್ಕೆಯ ಲಾಂಛನ ಕಿತ್ತು, ದರ್ಜೆ ಇಳಿಸಿ, ಗೆಳೆಯರ ಕಣ್ಣಿಗೆ ಬೀಳದಂತೆ ಅದೇ ದಿನ ಬೇರೆಡೆಗೆ ಸಾಗಿಸುತ್ತಿದ್ದರು. ಇಪ್ಪತ್ತೈದು ದಾಳಿ ಮುಗಿಸಿದ್ದವನಿಗೂ ಇದೇ ಮುದ್ರೆ ಬೀಳಬಹುದಿತ್ತು. ಆ ಪದ್ಧತಿಯ ಕ್ರೌರ್ಯವನ್ನು ಯುದ್ಧಕಾಲದ ಅನಿವಾರ್ಯ ಎಂದು ಸಮರ್ಥಿಸುವವರು ಇಂದಿಗೂ ಇದ್ದಾರೆ. ನಮಗೆ ಅದು ಒಪ್ಪಿಗೆಯಿಲ್ಲ.

ಬೆಳಗಿನ ಮೇಜು

ಹುಣ್ಣಿಮೆಯ ಎರಡೂ ಬದಿಯ ರಾತ್ರಿಗಳಲ್ಲಿ ದೂರದ ಗುರಿಗೆ ದೊಡ್ಡ ಪಡೆ ಕಳಿಸುವ ಪದ್ಧತಿ ಇರಲಿಲ್ಲ. ಮಾರ್ಚ್ 30ರಂದು ಅರ್ಧಚಂದ್ರ. ಅವನು ಮುಳುಗುವುದು ನಡುರಾತ್ರಿ ಕಳೆದ ಮೇಲೆ, ಎಂದರೆ ಹೋಗುವ ದಾರಿಯುದ್ದಕ್ಕೂ ಬೆಳದಿಂಗಳು. ಆದರೂ ಹೈ ವೈಕೂಂಬ್ ಬಳಿಯ ಪ್ರಧಾನ ಕಚೇರಿಯಲ್ಲಿ ಬಾಂಬರ್ ಕಮಾಂಡ್‌ನ ಮುಖ್ಯಸ್ಥ ಸರ್ ಆರ್ಥರ್ ಹ್ಯಾರಿಸ್ ನ್ಯೂರೆಂಬರ್ಗನ್ನು ಆರಿಸಿದರು. ಬೆಳಗಿನ ಹವಾಮಾನ ಮುನ್ಸೂಚನೆಯಲ್ಲಿ ದಾರಿಯ ಮೇಲೆ ಎತ್ತರದ ಮೋಡ ಇರುತ್ತದೆ, ಗುರಿಯ ಮೇಲೆ ತಿಳಿಯಾಗಿರುತ್ತದೆ ಎಂದಿತ್ತು. ಮೋಡ ಚಂದ್ರನನ್ನು ಮುಚ್ಚಿದರೆ ಲೆಕ್ಕ ಸರಿಹೋಗುತ್ತದೆ.

ಹಗಲಿನಲ್ಲಿ ಹವಾಮಾನ ನೋಡಿಬರಲು ಹೋದ ಮಾಸ್ಕಿಟೊ ವಿಮಾನ ತಂದ ವರದಿ ಇದಕ್ಕೆ ತದ್ವಿರುದ್ಧ: ದಾರಿಯಲ್ಲಿ ಮರೆಯಾಗುವಂಥ ಮೋಡ ಇರುವ ಸಂಭವ ಕಡಿಮೆ, ಗುರಿಯ ಮೇಲೆ ಮಾತ್ರ ಮೋಡ ಕವಿದಿರಬಹುದು. ಬೇಕಾದ ಕಡೆ ಇಲ್ಲ, ಬೇಡದ ಕಡೆ ಇದೆ. ಈ ವರದಿಯ ನಂತರ ಎಲ್ಲರೂ ದಾಳಿ ರದ್ದಾಗುತ್ತದೆ ಎಂದೇ ಎಣಿಸಿದ್ದರು, ಆಗದಿದ್ದಾಗ ಬೆರಗಾದರು ಎಂದು ಹ್ಯಾರಿಸ್‌ರ ಉಪನಾಯಕ ಸರ್ ರಾಬರ್ಟ್ ಸಾಂಡ್ಬಿ ಮುಂದೆ ಹೇಳಿದ್ದಾರೆ. ಹಗಲು ಕಂಡ ಬಾವಿಯಲ್ಲಿ ಇರುಳು ಬಿದ್ದರು ಎಂಬ ನಮ್ಮ ಗಾದೆಗೆ ಇಷ್ಟು ಅಕ್ಷರಶಃ ಉದಾಹರಣೆ ಸಿಗುವುದು ಅಪರೂಪ. ವ್ಯತ್ಯಾಸವೊಂದೇ: ಕಂಡವರು ಒಬ್ಬರು, ಬಿದ್ದವರು ಇನ್ನೊಬ್ಬರು.

ಎರಡನೆಯದು ದಾರಿ. ಮುಂದೆ ಹೋಗಿ ಗುರಿಯ ಮೇಲೆ ಗುರುತಿನ ದೀಪ ಬಿಡುವ ಪಾತ್‌ಫೈಂಡರ್ ಪಡೆಯ ಮುಖ್ಯಸ್ಥ ಡೊನಾಲ್ಡ್ ಬೆನೆಟ್ ಅವರಿಗೆ ಹಲವು ತಿರುವುಗಳ ದಾರಿ ಬೇಕಿತ್ತು. ಉಳಿದ ಗ್ರೂಪ್ ನಾಯಕರಲ್ಲಿ ಹೆಚ್ಚಿನವರು ನೇರ ದಾರಿ ಕೇಳಿದರು. ಅವರ ವಾದವೂ ಬುಡವಿಲ್ಲದ್ದಲ್ಲ. ತಿರುವು ಹೆಚ್ಚಿದಷ್ಟೂ ಪ್ರವಾಹ ಚದುರುತ್ತದೆ, ಗಾಳಿಯಲ್ಲಿರುವ ಹೊತ್ತು ಹೆಚ್ಚುತ್ತದೆ, ಪೆಟ್ರೋಲ್ ಹೆಚ್ಚು ಒಯ್ದಷ್ಟೂ ಬಾಂಬು ಕಡಿಮೆಯಾಗುತ್ತದೆ. ಕೊನೆಗೆ ಗೆದ್ದದ್ದು ನೇರ ದಾರಿ: ಬೆಲ್ಜಿಯಂನ ಶಾರ್ಲೆರ್ವಾ ಬಳಿ ಒಂದು ತಿರುವು, ಅಲ್ಲಿಂದ ಪೂರ್ವಕ್ಕೆ 265 ಮೈಲಿ ಒಂದೇ ಗೆರೆ, ಜರ್ಮನಿಯ ಫುಲ್ಡಾ ಬಳಿ ದಕ್ಷಿಣಕ್ಕೆ ತಿರುವು, ಮತ್ತೆ 75 ಮೈಲಿ ಹಾರಿದರೆ ನ್ಯೂರೆಂಬರ್ಗ್. ತುಂಬಿದ ಲ್ಯಾಂಕಾಸ್ಟರ್‌ಗೆ ಆ ನೇರ ಗೆರೆ ಮುಗಿಯಲು ಒಂದು ಗಂಟೆಗೂ ಹೆಚ್ಚು ಬೇಕು.

ಆ ಗೆರೆಯ ಇಕ್ಕೆಲಗಳಲ್ಲಿ ಎರಡು ರೇಡಿಯೊ ದೀಪಸ್ತಂಭಗಳಿದ್ದವು. ಪಶ್ಚಿಮದಲ್ಲಿ ಆಖೆನ್-ಕಲೋನ್ ಸೀಮೆಯದು ‘ಇಡಾ’, ಫ್ರಾಂಕ್‌ಫರ್ಟ್ ಬಳಿಯದು ‘ಓಟೊ’. ಜರ್ಮನ್ ರಾತ್ರಿ ಫೈಟರ್‌ಗಳು ಹಾರಿ ಬಂದು ಸುತ್ತು ಹೊಡೆಯುತ್ತಾ ಅಪ್ಪಣೆಗೆ ಕಾಯುತ್ತಿದ್ದದ್ದು ಇಂಥ ಸ್ತಂಭಗಳ ಮೇಲೆಯೇ. ಇದರಿಂದಾಗಿ ಬ್ರಿಟಿಷ್ ಪ್ರವಾಹ ಎಲ್ಲಿಗೆ ಹೋಗುತ್ತಿದೆ ಎಂದು ಜರ್ಮನ್ ನಿಯಂತ್ರಕರು ಊಹಿಸಬೇಕಾಗಿಯೇ ಬರಲಿಲ್ಲ. ತಮ್ಮವರನ್ನು ಅವರು ಆ ಎರಡು ಸ್ತಂಭಗಳಿಗೆ ಕರೆದರು, ಬೇಟೆ ಅಲ್ಲಿಗೇ ನಡೆದು ಬಂತು.

ಕಣ್ಣು ತಪ್ಪಿಸಲು ಮಾಡಿದ ಏರ್ಪಾಡುಗಳೂ ಇದ್ದವು. 49 ಹ್ಯಾಲಿಫ್ಯಾಕ್ಸ್‌ಗಳು ಉತ್ತರ ಸಮುದ್ರದ ಹೆಲಿಗೊಲಾಂಡ್ ಕಡೆ ನೀರಿನಲ್ಲಿ ಸಿಡಿಗುಂಡು ಹಾಕಲು ಹೋದವು. ಮಾಸ್ಕಿಟೊಗಳು ಆಖೆನ್, ಕಲೋನ್, ಕಾಸೆಲ್ ಮೇಲೆ ಸಣ್ಣ ದಾಳಿ ನಡೆಸಿದವು. ಇವು ಜರ್ಮನ್ನರನ್ನು ಮೋಸಗೊಳಿಸಲಿಲ್ಲ, ಮುಖ್ಯ ಕಾರಣ ಎಚ್‌2ಎಸ್. ಇದು ವಿಮಾನದ ಹೊಟ್ಟೆಯಡಿ ಕೂರಿಸಿದ, ನೆಲದ ಚಿತ್ರ ತೋರಿಸುವ ರಾಡಾರ್. ನೋಡಬೇಕಾದರೆ ಅದು ತರಂಗ ಹೊರಸೂಸಲೇಬೇಕು. ಆ ತರಂಗಗಳನ್ನು ಜರ್ಮನ್ ಆಲಿಸುವ ಕೇಂದ್ರಗಳು ದೂರದಿಂದಲೇ ಹಿಡಿಯುತ್ತಿದ್ದವು. ಮಾಸ್ಕಿಟೊಗಳಿಂದ ಅಂಥ ತರಂಗ ಬರುತ್ತಿರಲಿಲ್ಲ. ತರಂಗ ಬರುವ ಕಡೆ ಮುಖ್ಯ ಪಡೆ, ಬಾರದ ಕಡೆ ಬೆದರುಗೊಂಬೆ: ತೀರ್ಮಾನ ಅಷ್ಟು ಸುಲಭವಿತ್ತು.

ಹೋಗುವ ದಾರಿ

ವಿಮಾನನಿಲ್ದಾಣಗಳಲ್ಲಿ ಆ ದಿನ ಎಂದಿನಂತೆಯೇ ನಡೆಯಿತು. ಪೆಟ್ರೋಲ್ ಎಷ್ಟು ಗ್ಯಾಲನ್ ತುಂಬುತ್ತಾರೆ ಎಂದು ನೆಲದ ಸಿಬ್ಬಂದಿಯಿಂದ ತಿಳಿದ ಕೂಡಲೇ ಗುರಿ ಹತ್ತಿರದ್ದೋ ದೂರದ್ದೋ ಎಂದು ಗೊತ್ತಾಗಿಬಿಡುತ್ತದೆ. ಸಂಜೆಯ ಬ್ರೀಫಿಂಗ್‌ನಲ್ಲಿ ಪರದೆ ಸರಿಸಿದಾಗ ನಕ್ಷೆಯ ಮೇಲೆ ಕೆಂಪು ದಾರ. ಅಷ್ಟು ಉದ್ದದ ನೇರ ದಾರ ಕಂಡು ಹಳಬರು ಮುಖ ಮುಖ ನೋಡಿಕೊಂಡರು. ಆಮೇಲೆ ಹಂದಿಮಾಂಸ, ಮೊಟ್ಟೆಯ ಊಟ. ಪಡಿತರದ ಇಂಗ್ಲೆಂಡಿನಲ್ಲಿ ನಿಜವಾದ ಮೊಟ್ಟೆ ದಾಳಿಗೆ ಹೋಗುವವರ ವಿಶೇಷ ಹಕ್ಕಾಗಿತ್ತು. ಜೇಬುಗಳನ್ನು ಖಾಲಿ ಮಾಡಿ, ರೇಷ್ಮೆಯ ಮೇಲೆ ಅಚ್ಚಾದ ನಕ್ಷೆಯಿರುವ ಪಾರಾಗುವ ಪೊಟ್ಟಣ, ಪ್ಯಾರಾಚೂಟ್, ಕಾಫಿಯ ಫ್ಲಾಸ್ಕ್, ನಿದ್ದೆಗೆಡಿಸುವ ಬೆನ್ಝೆಡ್ರಿನ್ ಮಾತ್ರೆ ಪಡೆದುಕೊಳ್ಳಬೇಕು. ಬಾಲದ ಗನ್ನರ್‌ಗೆ ಉಡುಪು ತೊಡುವುದೇ ಒಂದು ಕೆಲಸ: ರೇಷ್ಮೆ, ಉಣ್ಣೆ, ವಿದ್ಯುತ್‌ನಿಂದ ಬಿಸಿಯಾಗುವ ಸೂಟು, ಅದರ ಮೇಲೆ ದಪ್ಪ ಹೊದಿಕೆ. 20,000 ಅಡಿ ಎತ್ತರದಲ್ಲಿ ಅವನ ಗೋಪುರದ ಚಳಿ ಸೊನ್ನೆಗಿಂತ ಮೂವತ್ತು ನಲವತ್ತು ಡಿಗ್ರಿ ಕೆಳಗೆ. ನೋಟ ಸ್ಪಷ್ಟವಾಗಿರಲೆಂದು ಅನೇಕರು ಕಣ್ಣೆದುರಿನ ಪರ್ಸ್ಪೆಕ್ಸ್ ಫಲಕವನ್ನೇ ತೆಗೆಸಿಬಿಟ್ಟಿದ್ದರು. ಉಸಿರಿನ ತೇವ ಆಮ್ಲಜನಕದ ಮುಖವಾಡದಲ್ಲಿ ಮಂಜುಗಡ್ಡೆಯಾಗುತ್ತಿತ್ತು, ಅದನ್ನು ಆಗಾಗ ಹಿಂಡಿ ಒಡೆಯದಿದ್ದರೆ ನಳಿಗೆ ಕಟ್ಟಿಕೊಂಡು ಮನುಷ್ಯ ಗೊತ್ತಿಲ್ಲದೆಯೇ ಮೂರ್ಛೆ ಹೋಗುತ್ತಾನೆ.

ರಾತ್ರಿ ಹತ್ತರ ಹೊತ್ತಿಗೆ ವಿಮಾನಗಳು ಏರಿದವು. ಬೆಲ್ಜಿಯಂ ಗಡಿ ಮುಟ್ಟುವ ಮೊದಲೇ ಮೊದಲ ಫೈಟರ್‌ಗಳು ಕಾಣಿಸಿಕೊಂಡವು. ಮೋಡವಿಲ್ಲ, ಮೇಲೆ ಅರ್ಧಚಂದ್ರ. ಜೊತೆಗೆ ಯಾರೂ ಎಣಿಸದ ಇನ್ನೊಂದು. ಇಂಜಿನ್ ಹೊಗೆಯ ನೀರಾವಿ ಹೆಪ್ಪುಗಟ್ಟಿ ಬಿಳಿಯ ಬಾಲವಾಗುವುದು ಸಾಮಾನ್ಯವಾಗಿ 25,000 ಅಡಿಗೂ ಮೇಲೆ. ಆ ರಾತ್ರಿಯ ಚಳಿಯಲ್ಲಿ ಬಾಂಬರ್‌ಗಳ ಎತ್ತರದಲ್ಲೇ ಅದು ಮೂಡತೊಡಗಿತು. ಪ್ರತಿ ವಿಮಾನದ ಹಿಂದೆ ನಾಲ್ಕು ಬಿಳಿ ಗೆರೆ, ಬೆಳದಿಂಗಳಿನಲ್ಲಿ ಮೈಲಿಗಟ್ಟಲೆ ದೂರಕ್ಕೆ ಕಾಣುವಂಥದ್ದು. ಗೆರೆ ಹಿಡಿದು ಹೋದರೆ ತುದಿಯಲ್ಲಿ ವಿಮಾನ.

ಮುಂದಿನ ಒಂದು ಗಂಟೆಯಲ್ಲಿ ನಡೆದದ್ದನ್ನು ಕಾಳಗ ಎನ್ನುವುದು ಕಷ್ಟ. ದಾರಿಯಲ್ಲಿ ಮತ್ತು ಗುರಿಯ ಬಳಿ ಸೇರಿ 82 ಬಾಂಬರ್‌ಗಳು ಬಿದ್ದವು. ಬೀಳುವ ವಿಮಾನದ ಹೊತ್ತು, ಜಾಗ, ಹೊರಬಂದ ಪ್ಯಾರಾಚೂಟ್‌ಗಳ ಎಣಿಕೆಯನ್ನು ನ್ಯಾವಿಗೇಟರ್ ಬರೆದಿಡಬೇಕೆಂಬುದು ನಿಯಮ. ಅಷ್ಟು ಬಿದ್ದಾಗ ಇನ್ನು ಹೇಳಬೇಡಿ ಎಂದು ತಮ್ಮವರಿಗೆ ಸೂಚಿಸಿದ ಪೈಲಟ್‌ಗಳಿದ್ದರು. ಮಾರ್ಟಿನ್ ಬೆಕರ್ ಎಂಬ ಒಬ್ಬ ಜರ್ಮನ್ ಪೈಲಟ್ ಒಂದೇ ರಾತ್ರಿಯಲ್ಲಿ ಏಳು ವಿಮಾನ ಉರುಳಿಸಿದ. ಹಿಂದಿರುಗುವ ದಾರಿಯಲ್ಲಿ ಆಘಾತ ಕಡಿಮೆ. ಅದಕ್ಕೆ ಕಾರಣ ಸರಳ: ಫೈಟರ್‌ಗಳಲ್ಲಿ ಪೆಟ್ರೋಲ್, ಗುಂಡು ಮುಗಿದು ಅವು ಇಳಿಯಬೇಕಾಗಿತ್ತು.

ನಷ್ಟ ಎಲ್ಲೆಡೆ ಸಮನಾಗಿ ಹಂಚಿಹೋಗಲಿಲ್ಲ. ಲಡ್‌ಫರ್ಡ್ ಮ್ಯಾಗ್ನಾ ನಿಲ್ದಾಣದ 101ನೇ ಸ್ಕ್ವಾಡ್ರನ್ನಿನ 26 ಲ್ಯಾಂಕಾಸ್ಟರ್‌ಗಳಲ್ಲಿ 7 ಹೋದವು. ಇವುಗಳಲ್ಲಿ ಎಂಟನೆಯವನೊಬ್ಬ ಇರುತ್ತಿದ್ದ. ಜರ್ಮನ್ ಬಲ್ಲ ಆಪರೇಟರ್, ಶತ್ರು ನಿಯಂತ್ರಕರ ಮಾತು ಕೇಳಿಬರುವ ಕಂಪನಾಂಕ ಹುಡುಕಿ ಅದರ ಮೇಲೆ ಗದ್ದಲ ಸುರಿಯುವುದು ಅವನ ಕೆಲಸ. ಗದ್ದಲವೂ ತರಂಗವೇ ಆದ್ದರಿಂದ ಅದು ಶತ್ರುವಿಗೆ ದಾರಿ ತೋರಿಸಬಹುದಿತ್ತು. ಸ್ನೇತ್‌ನ 51ನೇ ಸ್ಕ್ವಾಡ್ರನ್ನಿನ 17 ಹ್ಯಾಲಿಫ್ಯಾಕ್ಸ್‌ಗಳಲ್ಲಿ 6 ಹೋದವು. ಪಾತ್‌ಫೈಂಡರ್ ಪಡೆಯಲ್ಲಿ ಆಗ 35ನೇ ಸ್ಕ್ವಾಡ್ರನ್ನೂ ಇತ್ತು, ಅದರ ಅಧಿಕೃತ ಹೆಸರಿನಲ್ಲಿ ‘ಮದ್ರಾಸ್ ಪ್ರೆಸಿಡೆನ್ಸಿ’ ಎಂಬ ಮಾತಿದೆ. ಮಂಗಳೂರು, ಬಳ್ಳಾರಿಗಳೂ ಆ ಪ್ರೆಸಿಡೆನ್ಸಿಯಲ್ಲೇ ಇದ್ದವು. (ಗಂಡಭೇರುಂಡವನ್ನು ಲಾಂಛನವಾಗಿ ಧರಿಸಿದ 129ನೇ ‘ಮೈಸೂರು’ ಸ್ಕ್ವಾಡ್ರನ್ ಫೈಟರ್‌ಗಳದ್ದು. ಎರಡನ್ನೂ ಬೆರೆಸಿ ಬರೆಯುವವರಿದ್ದಾರೆ.)

ಕೆಳಗಿನಿಂದ ಬಂದ ಸಾವು

ಈ ಪ್ರಕರಣದಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದ್ದು ಇದು. ಬಾಂಬರ್‌ನ ರಕ್ಷಣೆ ಪೂರ್ತಿ ಒಂದು ಊಹೆಯ ಮೇಲೆ ಕಟ್ಟಿದ್ದಾಗಿತ್ತು: ಫೈಟರ್ ಹಿಂದಿನಿಂದ ಬರುತ್ತದೆ. ಹಾಗೆ ಬಂದರೆ ಬಾಲದ ಗನ್ನರ್ ಅದನ್ನು ಕಂಡು ‘ಕಾರ್ಕ್‌ಸ್ಕ್ರೂ, ಎಡಕ್ಕೆ!’ ಎಂದು ಕೂಗುತ್ತಾನೆ. ಪೈಲಟ್ ತಕ್ಷಣ ಎಡಕ್ಕೆ ವಾಲಿಸಿ ಮೂತಿ ಇಳಿಸುತ್ತಾನೆ. ಸುಮಾರು ಸಾವಿರ ಅಡಿ ಬಿದ್ದ ಮೇಲೆ ಇಳಿಯುತ್ತಲೇ ಬಲಕ್ಕೆ ಹೊರಳಿಸುತ್ತಾನೆ, ಆಮೇಲೆ ಬಲಕ್ಕೆ ಏರುತ್ತಾನೆ, ಮತ್ತೆ ಎಡಕ್ಕೆ. ಬಿರಡೆ ಕೀಳುವ ಸುರುಳಿಯಂತೆ ಸುತ್ತುತ್ತಾ ಸಾಗಿದರೂ ಒಟ್ಟು ದಿಕ್ಕು ಬದಲಾಗುವುದಿಲ್ಲ. ಫೈಟರ್‌ಗೆ ಗುರಿಯಿಡುವ ಕೋನ ಕ್ಷಣಕ್ಷಣಕ್ಕೂ ತಪ್ಪುತ್ತದೆ. ಇಪ್ಪತ್ತೈದು ಮೂವತ್ತು ಟನ್ನಿನ ವಿಮಾನವನ್ನು ಹೀಗೆ ತಿರುಚುವುದು ತೋಳು ಬೀಳಿಸುವ ಕೆಲಸ, ಆದರೆ ಫಲ ಕೊಡುತ್ತಿತ್ತು. ಗನ್ನರ್ ಮೊದಲು ಕಂಡರೆ.

ಲ್ಯಾಂಕಾಸ್ಟರ್‌ನ ಎಂಟೂ ಬ್ರೌನಿಂಗ್ ಬಂದೂಕುಗಳು 0.303 ಇಂಚಿನವು, ಕಾಲಾಳಿನ ರೈಫಲ್ಲಿನ ಗುಂಡು. ಫೈಟರ್‌ನಲ್ಲಿದ್ದದ್ದು 20 ಮಿಲಿಮೀಟರ್ ಫಿರಂಗಿ, ಅದರ ಗುಂಡಿನೊಳಗೆ ಸಿಡಿಮದ್ದು. ಜೊತೆಗೆ ಗೋಪುರ ತಿರುಗುತ್ತಿದ್ದದ್ದು ಇಂಜಿನ್ ನಡೆಸುವ ಹೈಡ್ರಾಲಿಕ್ ಒತ್ತಡದಿಂದ. ಆ ಪಂಪ್ ಇರುವ ಇಂಜಿನ್‌ಗೆ ಏಟು ಬಿದ್ದರೆ ಗನ್ನರ್ ಕೈಯಿಂದ ಹಿಡಿ ತಿರುಗಿಸುತ್ತಾ ಕೂರಬೇಕು.

1943ರ ಎರಡನೇ ಭಾಗದಿಂದ ಜರ್ಮನ್ನರು ಊಹೆಯ ಬುಡವನ್ನೇ ಕಡಿದರು. ಫೈಟರ್‌ನ ಬೆನ್ನಿನಲ್ಲಿ ಎರಡು ಫಿರಂಗಿಗಳನ್ನು 65ರಿಂದ 70 ಡಿಗ್ರಿ ಕೋನದಲ್ಲಿ ಮೇಲ್ಮುಖವಾಗಿ ಕೂರಿಸಿ, ಪೈಲಟ್‌ನ ನೆತ್ತಿಯ ಮೇಲೆ ಇನ್ನೊಂದು ಗುರಿಗನ್ನಡಿ ಇಟ್ಟರು. ‘ಶ್ರೇಗೆ ಮುಸೀಕ್’ ಎಂಬುದು ಅದರ ಅಡ್ಡಹೆಸರು, ಜಾಝ್ ಸಂಗೀತಕ್ಕೆ ಅವರ ಆಡುಮಾತು. ರಾಡಾರ್ ಹಿಡಿದು ಬಾಂಬರ್‌ನ ಹಿಂದೆ, ಬಹಳ ಕೆಳಗೆ ಬರುವುದು. ಕೆಳಗಿನಿಂದ ನೋಡಿದರೆ ಆಕಾಶದ ಬೆಳಕಿಗೆ ಬಾಂಬರ್ ಕಪ್ಪಾಗಿ ಕಾಣುತ್ತದೆ. ಬಾಂಬರ್‌ನವನಿಗೆ ನೆಲದ ಕಪ್ಪಿನಲ್ಲಿ ಫೈಟರ್ ಕಾಣದು. ವೇಗ ಸರಿಹೊಂದಿಸಿಕೊಂಡು ನೇರ ಅಡಿಗೆ ಬಂದು ಮೆಲ್ಲಗೆ ಏರಬೇಕು. ದೇಹಕ್ಕೆ ಹೊಡೆಯಬಾರದು, ಅಲ್ಲಿನ ಬಾಂಬು ಸಿಡಿದರೆ ಹೊಡೆದವನೂ ಉಳಿಯುವುದಿಲ್ಲ. ರೆಕ್ಕೆಯಲ್ಲಿ ಇಂಜಿನ್‌ಗಳ ನಡುವಿನ ಪೆಟ್ರೋಲ್ ಟ್ಯಾಂಕಿಗೆ ಒಂದೆರಡು ಸೆಕೆಂಡು ಹೊಡೆದು, ಪಕ್ಕಕ್ಕೆ ವಾಲಿ ಕಳಚಿಕೊಳ್ಳಬೇಕು. ದಾರಿ ತೋರಿಸುವ ಹೊಳೆಯುವ ಗುಂಡುಗಳನ್ನು ಬಳಸದ ಕಾರಣ ಸುತ್ತಲಿನ ವಿಮಾನದವರಿಗೂ ಎಲ್ಲಿಂದ ಏಟು ಬಿತ್ತೆಂದು ತಿಳಿಯುತ್ತಿರಲಿಲ್ಲ.

ಹೊಟ್ಟೆಯಡಿ ಬಂದೂಕು ಇದ್ದಿದ್ದರೆ? ಆ ಜಾಗದಲ್ಲಿ ಎಚ್‌2ಎಸ್‌ನ ಗುಮ್ಮಟ ಕೂತಿತ್ತು. ನೋಡುವ ಕಣ್ಣಿಗಾಗಿ ಕಾಯುವ ಕೈಯನ್ನು ಬಿಟ್ಟಂತಾಗಿತ್ತು. ಸುಮ್ಮನೆ ಹಾರುತ್ತಿದ್ದ ವಿಮಾನ ಇದ್ದಕ್ಕಿದ್ದಂತೆ ಬೆಂಕಿಯುಂಡೆಯಾಗುವುದನ್ನು ಮರಳಿ ಬಂದವರು ವರದಿ ಮಾಡುತ್ತಿದ್ದರು. ಅದು ಜರ್ಮನ್ನರು ಹೆದರಿಸಲು ಹಾರಿಸುವ, ಉರಿಯುವ ವಿಮಾನದಂತೆ ಕಾಣುವ ಹುಸಿ ಗುಂಡು ಎಂದು ಅವರಿಗೆ ಸಮಾಧಾನ ಹೇಳಲಾಗುತ್ತಿತ್ತು. ಅಂಥ ಗುಂಡು ಇರಲೇ ಇಲ್ಲ. ಅವರು ಕಂಡದ್ದೆಲ್ಲ ನಿಜವಾದ ವಿಮಾನಗಳೇ.

ಅಲ್ಯೂಮಿನಿಯಂ ಪಟ್ಟಿಗಳ ಮರೆ ಹೋದದ್ದೂ ಹೀಗೆಯೇ, ಸದ್ದಿಲ್ಲದೆ. 1943ರ ಜುಲೈನಲ್ಲಿ ಹ್ಯಾಂಬರ್ಗ್ ದಾಳಿಯಲ್ಲಿ ಮೊದಲು ಬಳಸಿದ ಈ ಪಟ್ಟಿಗಳನ್ನು ಆಗಿನ ಜರ್ಮನ್ ರಾಡಾರ್‌ಗಳ ತರಂಗದುದ್ದಕ್ಕೆ ತಕ್ಕಂತೆ ಕತ್ತರಿಸಿತ್ತು. ಜರ್ಮನ್ನರು ‘ಎಸ್‌ಎನ್-2’ ಎಂಬ ಹೊಸ ರಾಡಾರ್‌ಗೆ ಬದಲಾದರು, ಅದರ ತರಂಗ ಬಹಳ ಉದ್ದ. ಸಣ್ಣ ಪಟ್ಟಿ ಅದಕ್ಕೆ ಲೆಕ್ಕಕ್ಕಿಲ್ಲ. ಬ್ರಿಟಿಷರಿಗೆ ಇದರ ನಿಜರೂಪ ಸಿಕ್ಕಿದ್ದು 1944ರ ಜುಲೈ 13ರಂದು, ಆ ರಾಡಾರ್ ಹೊತ್ತು ದಾರಿ ತಪ್ಪಿದ ಯುಂಕರ್ಸ್ 88 ಎಂಬ ಜರ್ಮನ್ ಫೈಟರ್ ಒಂದು ಇಂಗ್ಲೆಂಡಿನ ವುಡ್‌ಬ್ರಿಜ್‌ನಲ್ಲಿ ತಾನಾಗಿ ಬಂದು ಇಳಿದಾಗ. ನ್ಯೂರೆಂಬರ್ಗ್ ಮುಗಿದು ಮೂರೂವರೆ ತಿಂಗಳಾಗಿತ್ತು.

ಗಾಳಿಯ ಲೆಕ್ಕ ತಪ್ಪಿದಾಗ

ಬದುಕುಳಿದವರಿಗೆ ಗುರಿ ಸಿಗಲಿಲ್ಲ. ರಾತ್ರಿ ಹಾರಾಟದಲ್ಲಿ ನ್ಯಾವಿಗೇಟರ್‌ನ ಮುಖ್ಯ ಶತ್ರು ಗಾಳಿ. ಅಡ್ಡಗಾಳಿ ಅವನೆಣಿಸಿದ್ದಕ್ಕಿಂತ ಗಂಟೆಗೆ 15 ಮೈಲಿ ಜೋರಾಗಿದ್ದರೆ ಒಂದು ಗಂಟೆಯ ನೇರ ಗೆರೆಯ ತುದಿಯಲ್ಲಿ ಅವನು 15 ಮೈಲಿ ಪಕ್ಕಕ್ಕಿರುತ್ತಾನೆ. ‘ಜೀ’ ಎಂಬ ರೇಡಿಯೊ ಸಾಧನ ಇಂಗ್ಲೆಂಡಿನ ಹತ್ತಿರ ಸರಿಯಾಗಿ ಜಾಗ ತೋರಿಸುತ್ತಿತ್ತು, ಖಂಡದ ಮೇಲೆ ಜರ್ಮನ್ನರು ಅದನ್ನು ಕೆಡಿಸುತ್ತಿದ್ದರು. ಪರಿಹಾರವಾಗಿ ಆಯ್ದ ಕೆಲವು ವಿಮಾನಗಳು ತಾವು ಅಳೆದ ಗಾಳಿಯನ್ನು ರೇಡಿಯೊ ಮೂಲಕ ಇಂಗ್ಲೆಂಡಿಗೆ ಕಳಿಸುವುದು, ಅಲ್ಲಿ ಸರಾಸರಿ ತೆಗೆದು ಎಲ್ಲರಿಗೂ ಮರಳಿ ಬಿತ್ತರಿಸುವುದು ಎಂಬ ಪದ್ಧತಿ ಇತ್ತು. ಅಳೆದವರೇ ತಪ್ಪಿದರೆ ಸರಾಸರಿಯೂ ತಪ್ಪು, ಮತ್ತು ಆ ತಪ್ಪನ್ನು ಇಡೀ ಪಡೆ ಪಾಲಿಸುತ್ತದೆ.

ಪ್ರವಾಹ ಉತ್ತರಕ್ಕೆ ಸರಿಯಿತು, ಉದ್ದಗಲಕ್ಕೆ ಚದುರಿತು. ಗುಂಪಿನ ಮರೆಯೂ ಹೋಯಿತು. ತಪ್ಪು ಜಾಗದಲ್ಲಿ ದಕ್ಷಿಣಕ್ಕೆ ತಿರುಗಿದವರಿಗೆ ಎದುರಾದದ್ದು ನ್ಯೂರೆಂಬರ್ಗ್‌ಗೆ ವಾಯವ್ಯದಲ್ಲಿ 50 ಮೈಲಿ ದೂರದ ಶ್ವೈನ್‌ಫರ್ಟ್. ಎರಡು ಪಾತ್‌ಫೈಂಡರ್ ವಿಮಾನಗಳು ಅಲ್ಲೇ ಗುರುತಿನ ದೀಪ ಬಿಟ್ಟವು, ಸುಮಾರು 120 ವಿಮಾನಗಳು ಅಲ್ಲೇ ಬಾಂಬು ಹಾಕಿದವು. ಬಹುಪಾಲು ಊರಾಚೆಯ ಬಯಲಿಗೆ ಬಿತ್ತು. ನ್ಯೂರೆಂಬರ್ಗ್ ತಲುಪಿದವರಿಗೆ ಅಡಿಯಲ್ಲಿ ದಟ್ಟ ಮೋಡ. ಮಾಸ್ಕಿಟೊ ಹೇಳಿದ್ದು ಇಲ್ಲೂ ನಿಜವಾಗಿತ್ತು. ಕೊನೆಯ ಹಂತದಲ್ಲಿ ಎದ್ದ ಅಡ್ಡಗಾಳಿಯಿಂದ ಗುರುತುಗಳು ಬಹಳ ಪೂರ್ವಕ್ಕೆ ಬಿದ್ದವು. ಅದಕ್ಕೆ ‘ಹಿಂದೆ ತೆವಳುವಿಕೆ’ ಸೇರಿಕೊಂಡಿತು. ಫೈಟರ್‌ಗಳ ನಡುವೆ ಒಂದು ಕ್ಷಣವೂ ಹೆಚ್ಚು ನಿಲ್ಲಲಾರದೆ ಪ್ರತಿಯೊಬ್ಬ ಬಾಂಬ್ ಏಮರ್ ಬೆಂಕಿಯ ಹತ್ತಿರದ ಅಂಚು ಕಂಡೊಡನೆ ಗುಂಡಿ ಒತ್ತುತ್ತಾನೆ, ಮುಂದಿನವನು ಆ ಹೊಸ ಬೆಂಕಿಯ ಅಂಚಿಗೆ. ಹೀಗೆ ಬೆಂಕಿ ಬಂದ ದಾರಿಗೇ ಹಿಂದೆ ಹಿಂದೆ ಸರಿಯುತ್ತದೆ. ಆ ರಾತ್ರಿ ಅದು ನಗರದ ಉತ್ತರದ ಹಳ್ಳಿಗಾಡಿನಲ್ಲಿ ಹತ್ತು ಮೈಲಿ ಉದ್ದಕ್ಕೆ ಬೆಳೆಯಿತು.

ಒಂದು ಹ್ಯಾಲಿಫ್ಯಾಕ್ಸ್

ಬರ್ನ್ ನಿಲ್ದಾಣದ 578ನೇ ಸ್ಕ್ವಾಡ್ರನ್ನಿನ ಹ್ಯಾಲಿಫ್ಯಾಕ್ಸ್ ಒಂದನ್ನು ಹಾರಿಸಿದವರು ಪೈಲಟ್ ಆಫೀಸರ್ ಸಿರಿಲ್ ಬಾರ್ಟನ್, ವಯಸ್ಸು 22. ಗುರಿಗೆ ಸುಮಾರು 70 ಮೈಲಿ ಇದ್ದಾಗ ಯುಂಕರ್ಸ್ 88ರ ಮೊದಲ ಗುಂಡಿನ ಸುರಿಮಳೆಗೇ ವಿಮಾನದೊಳಗಿನ ಮಾತಿನ ಸಂಪರ್ಕ ಕಡಿದುಹೋಯಿತು. ನಾಲ್ಕು ಇಂಜಿನ್‌ಗಳ ಸದ್ದಿನಲ್ಲಿ, ಮುಖವಾಡ ಹಾಕಿಕೊಂಡ ಏಳು ಜನರಿಗೆ ಆ ತಂತಿಯೊಂದೇ ಬಾಯಿ, ಅದೊಂದೇ ಕಿವಿ. ಇನ್ನೊಂದು ಫೈಟರ್ ಕೂಡಿಕೊಂಡಿತು, ಒಂದು ಇಂಜಿನ್‌ಗೆ ಏಟಾಯಿತು, ಬಂದೂಕುಗಳು ಕೆಲಸ ಮಾಡದಾದವು. ಈ ಗೊಂದಲದಲ್ಲಿ ಒಂದು ಸಂಕೇತವನ್ನು ‘ಹಾರಿ’ ಎಂದು ತಪ್ಪಾಗಿ ಅರ್ಥಮಾಡಿಕೊಂಡ ನ್ಯಾವಿಗೇಟರ್, ಬಾಂಬ್ ಏಮರ್, ವೈರ್‌ಲೆಸ್ ಆಪರೇಟರ್ ಮೂವರೂ ಪ್ಯಾರಾಚೂಟ್‌ನಲ್ಲಿ ಹೊರಬಿದ್ದರು. ಅವರು ಸೆರೆಯಾಳುಗಳಾಗಿ ಬದುಕಿದರು.

ದಾರಿ ತೋರುವವರು ಯಾರೂ ಉಳಿಯಲಿಲ್ಲ. ಬಾರ್ಟನ್ ಮುಂದುವರಿದು ಬಾಂಬುಗಳನ್ನು ತಾವೇ ಬಿಟ್ಟರು ಎನ್ನುತ್ತದೆ ಅವರಿಗೆ ಮುಂದೆ ಸಂದ ಪದಕದ ಪ್ರಶಸ್ತಿಪತ್ರ. ಮರಳುವಾಗ ಏಟಾದ ಇಂಜಿನ್ನಿನ ಪ್ರೊಪೆಲರ್ ಅದುರಿ ಅದುರಿ ಕಿತ್ತು ಹಾರಿಹೋಯಿತು. ಎರಡು ಟ್ಯಾಂಕ್ ಸೋರುತ್ತಿದ್ದವು. ಎದುರುಗಾಳಿಯಲ್ಲಿ ನಾಲ್ಕೂವರೆ ಗಂಟೆಯ ದಾರಿ, ನ್ಯಾವಿಗೇಟರ್ ಇಲ್ಲ, ಮೂರು ಇಂಜಿನ್. ಇಂಗ್ಲೆಂಡಿನ ಕರಾವಳಿ ಸಿಕ್ಕಿದ್ದು ತಮ್ಮ ನಿಲ್ದಾಣಕ್ಕಿಂತ 90 ಮೈಲಿ ಉತ್ತರಕ್ಕೆ. ಪ್ರಶಸ್ತಿಪತ್ರ ‘ಕೇವಲ 90 ಮೈಲಿ’ ಎನ್ನುತ್ತದೆ, ಆ ‘ಕೇವಲ’ ಅಲಂಕಾರಕ್ಕೆ ಬಂದ ಮಾತಲ್ಲ. ಇಳಿಯಲು ಜಾಗ ಹುಡುಕುವಷ್ಟರಲ್ಲಿ ಪೆಟ್ರೋಲ್ ತೀರಿ ಎಡಗಡೆಯ ಎರಡೂ ಇಂಜಿನ್ ನಿಂತವು. ಪ್ಯಾರಾಚೂಟ್‌ನಲ್ಲಿ ಹೊರಬೀಳಲು ಎತ್ತರ ಸಾಲದು. ಉಳಿದ ಮೂವರಿಗೆ, ಇಬ್ಬರು ಗನ್ನರ್ ಮತ್ತು ಫ್ಲೈಟ್ ಇಂಜಿನಿಯರ್‌ಗೆ, ಅಪಘಾತದ ಹೊತ್ತಿನ ಜಾಗಗಳಿಗೆ ಹೋಗಲು ಹೇಳಿ, ಒಂದೇ ಇಂಜಿನ್ ಮೇಲೆ ಮನೆಗಳನ್ನು ತಪ್ಪಿಸಲು ನೋಡಿದರು. ಡರಮ್ ಸೀಮೆಯ ರೈಹೋಪ್ ಕಲ್ಲಿದ್ದಲು ಗಣಿಯ ಬಳಿ ವಿಮಾನ ನೆಲಕ್ಕೆ ಬಿತ್ತು. ಮೂವರು ಬದುಕಿದರು, ಬಾರ್ಟನ್ ಸತ್ತರು, ಕೆಲಸಕ್ಕೆ ಹೊರಟಿದ್ದ ಗಣಿ ಕಾರ್ಮಿಕನೊಬ್ಬನೂ ಸತ್ತ. ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಆ ರಾತ್ರಿಗೆ ಸಂದದ್ದು ಒಂದೇ, ಅದು ಬಾರ್ಟನ್ ಅವರದು.

22 ಇಂಚಿನ ಬಾಗಿಲು

ವಿಮಾನ ಹೊತ್ತಿಕೊಂಡರೆ ಹೊರಬೀಳಲು ಸಿಗುವುದು ಕೆಲವೇ ಸೆಕೆಂಡು. ಲ್ಯಾಂಕಾಸ್ಟರ್‌ನಲ್ಲಿ ಮುಂದಿನವರು ಹಾರಬೇಕಾದದ್ದು ಮೂತಿಯ ನೆಲದಲ್ಲಿರುವ ಕಂಡಿಯಿಂದ, ಅಗಲ 22 ಇಂಚು. ದಪ್ಪ ಉಡುಪು, ಎದೆಗೆ ಸಿಕ್ಕಿಸಿಕೊಂಡ ಪ್ಯಾರಾಚೂಟ್ ಪೊಟ್ಟಣದ ಮನುಷ್ಯನಿಗೆ ಅದು ಇಲಿಯ ಬಿಲ. ಹ್ಯಾಲಿಫ್ಯಾಕ್ಸ್‌ನ ಕಂಡಿ 24 ಇಂಚು. ಬಾಂಬರ್ ಕಮಾಂಡ್‌ನ ಸಂಶೋಧನಾ ವಿಭಾಗದಲ್ಲಿ ಆಗ ಕೆಲಸದಲ್ಲಿದ್ದ, ಮುಂದೆ ಹೆಸರಾಂತ ಭೌತವಿಜ್ಞಾನಿಯಾದ ಫ್ರೀಮನ್ ಡೈಸನ್ ಲೆಕ್ಕ ಕೊಟ್ಟಿದ್ದಾರೆ: ಬಿದ್ದ ಹ್ಯಾಲಿಫ್ಯಾಕ್ಸ್‌ಗಳಿಂದ ನೂರಕ್ಕೆ 25 ಜನ ಬದುಕಿ ಹೊರಬಂದರೆ ಲ್ಯಾಂಕಾಸ್ಟರ್‌ಗಳಿಂದ 15 ಜನ. ಕಂಡಿ ಅಗಲಿಸಲು ನಡೆದ ಪ್ರಯತ್ನ ಕಚೇರಿಗಳಲ್ಲಿ ತೆವಳುತ್ತಾ ಸಾಗಿ, ಯುದ್ಧ ಮುಗಿಯುವವರೆಗೂ ಹೆಚ್ಚಿನ ವಿಮಾನಗಳನ್ನು ತಲುಪಲಿಲ್ಲ.

ಹಿಂದಿನಿಂದ ಮುಂದೆ ಬರಲು ದೇಹದ ಅಡ್ಡಕ್ಕೆ ಹಾದುಹೋಗುವ ರೆಕ್ಕೆಯ ಮುಖ್ಯ ತೊಲೆಯನ್ನು ಹತ್ತಿ ಇಳಿಯಬೇಕು. ಬಾಲದ ಗನ್ನರ್‌ನ ಪ್ಯಾರಾಚೂಟ್ ಅವನ ಗೋಪುರದೊಳಗೆ ಹಿಡಿಸದೆ ಹೊರಗೆ, ವಿಮಾನದ ಗೋಡೆಯ ಮೇಲೆ ಇರುತ್ತಿತ್ತು. ಬಾಗಿಲು ತೆರೆದು, ಕೈ ಹಿಂದೆ ಚಾಚಿ ಅದನ್ನು ಎಳೆದು, ಸಿಕ್ಕಿಸಿಕೊಂಡು, ಗೋಪುರವನ್ನು ಪಕ್ಕಕ್ಕೆ ತಿರುಗಿಸಿ ಬೆನ್ನ ಮೇಲೆ ಹೊರಗೆ ಉರುಳಬೇಕು. ಹೈಡ್ರಾಲಿಕ್ ಹೋಗಿದ್ದರೆ ಆ ತಿರುಗಿಸುವುದೂ ಕೈಯಿಂದಲೇ. ವಿಮಾನ ಸುತ್ತುತ್ತಾ ಬೀಳತೊಡಗಿದರೆ ಯಾರೂ ಕೂತಲ್ಲಿಂದ ಏಳಲಾರರು. ಎಲ್ಲರೂ ಹೊರಬೀಳುವವರೆಗೆ ವಿಮಾನವನ್ನು ಮಟ್ಟಸವಾಗಿ ಹಿಡಿದಿರಬೇಕಾದ್ದು ಪೈಲಟ್. ಕೊನೆಯವನಾಗಿ ಉಳಿದು ಕೊನೆಯವನಾಗಿಯೇ ಸತ್ತ ಪೈಲಟ್‌ಗಳ ಸಂಖ್ಯೆಗೆ ಕಾರಣ ಇದು.

ಮಾರನೆಯ ದಿನಗಳು

ಸೆರೆ ಶಿಬಿರಗಳಲ್ಲಿ ಒಂದು ಮಾತು ಹಬ್ಬಿತ್ತು: ಗುರಿ ಜರ್ಮನ್ನರಿಗೆ ಮೊದಲೇ ಗೊತ್ತಿತ್ತು, ಯಾರೋ ದ್ರೋಹ ಬಗೆದಿದ್ದಾರೆ. ಇದಕ್ಕೆ ಪುರಾವೆ ಸಿಕ್ಕಿಲ್ಲ, ಬೇಕಾಗಿಯೂ ಇಲ್ಲ. ಬೆಳದಿಂಗಳು, ನೇರ ಗೆರೆ, ಎರಡು ದೀಪಸ್ತಂಭ, ಎಚ್‌2ಎಸ್ ತರಂಗ, ಇಷ್ಟರಿಂದಲೇ ಎಲ್ಲವೂ ವಿವರವಾಗುತ್ತದೆ. ಗುರಿ ಮೊದಲೇ ಗೊತ್ತಿದ್ದಿದ್ದರೆ ಫೈಟರ್‌ಗಳು ನ್ಯೂರೆಂಬರ್ಗ್ ಮೇಲೆ ಕಾಯುತ್ತಿದ್ದವು. ಅವು ಸೇರಿದ್ದು ಇಡಾ, ಓಟೊಗಳ ಮೇಲೆ. ಕಾರಣಗಳನ್ನು ತೂಗುವುದಾದರೆ ನಾವು ಮೊದಲಿಗಿಡುವುದು ಮಾಸ್ಕಿಟೊ ವರದಿಯ ನಂತರವೂ ಹಿಂತೆಗೆದುಕೊಳ್ಳದ ನಿರ್ಧಾರವನ್ನು. ನೇರ ದಾರಿ ಮೋಡದಡಿಯಾಗಿದ್ದರೆ ಇಷ್ಟು ಕೊಲ್ಲುತ್ತಿರಲಿಲ್ಲ. ಗಾಳಿಯ ತಪ್ಪು ಗುರಿಯನ್ನು ಉಳಿಸಿತು, ಆದರೆ ಹೆಚ್ಚಿನ ವಿಮಾನಗಳು ಬಿದ್ದದ್ದು ಅದಕ್ಕೂ ಮೊದಲು.

ನವೆಂಬರ್‌ನಿಂದ ನಡೆದಿದ್ದ, 1,047 ಬಾಂಬರ್‌ಗಳನ್ನು ನುಂಗಿದ, ಬರ್ಲಿನ್ ಮುಖ್ಯ ಗುರಿಯಾಗಿದ್ದ ಕಾಲದ ದಾಳಿಗಳ ಸರಣಿ ಇಲ್ಲಿಗೆ ನಿಂತಿತು. ನಂತರದ ವಾರಗಳಲ್ಲಿ ಪಡೆಯನ್ನು ಫ್ರಾನ್ಸಿನ ರೈಲು ಯಾರ್ಡ್‌ಗಳಂಥ ಹತ್ತಿರದ ಗುರಿಗಳಿಗೆ, ಒಂದೇ ರಾತ್ರಿ ಹಲವು ಕಡೆಗೆ ಹಂಚಿ ಕಳಿಸಲಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಬಾಂಬರ್ ಕಮಾಂಡ್‌ನ ಸುಮಾರು 1,25,000 ವೈಮಾನಿಕರಲ್ಲಿ 55,573 ಮಂದಿ ಸತ್ತಿದ್ದರು. ಅವರಿಗೆಂದು ಲಂಡನ್ನಿನ ಗ್ರೀನ್ ಪಾರ್ಕ್‌ನಲ್ಲಿ ಸ್ಮಾರಕ ಎದ್ದದ್ದು 2012ರಲ್ಲಿ.

ಮಾರ್ಚ್ 31ರ ಬೆಳಿಗ್ಗೆ ಕಾಣೆಯಾದವರ ಮಂಚಗಳ ಬಳಿಗೆ ಸಾಮಾನು ಎತ್ತುವ ಸಿಬ್ಬಂದಿ ಬಂದರು. ಸರ್ಕಾರದ ವಸ್ತು ಒಂದು ಕಡೆ, ಸ್ವಂತದ್ದು ಇನ್ನೊಂದು ಕಡೆ. ಮನೆಯವರ ಮನಸ್ಸು ನೋಯಿಸಬಹುದಾದ ಕಾಗದಗಳನ್ನು ತೆಗೆದುಹಾಕಿ ಉಳಿದುದನ್ನು ಕಟ್ಟುತ್ತಿದ್ದರು. ಮನೆಗಳಿಗೆ ‘ಕಾಣೆಯಾಗಿದ್ದಾರೆ’ ಎಂಬ ತಂತಿ ಹೋಯಿತು, ಹಿಂದೆಯೇ ಸ್ಕ್ವಾಡ್ರನ್ ನಾಯಕನ ಪತ್ರ. ರೆಡ್‌ಕ್ರಾಸ್ ಮೂಲಕ ಸೆರೆಯ ಸುದ್ದಿ ಬಾರದಿದ್ದರೆ ಸಾಮಾನ್ಯವಾಗಿ ಆರು ತಿಂಗಳ ಮೇಲೆ ‘ಸತ್ತರೆಂದು ಭಾವಿಸಲಾಗಿದೆ’ ಎಂಬ ಎರಡನೇ ಪತ್ರ.

ಯುದ್ಧ ಮುಗಿದ ಮೇಲೆ ವಾಯುಪಡೆಯ ಶೋಧ ತಂಡಗಳು ಜರ್ಮನಿಯ ಹಳ್ಳಿ ಹಳ್ಳಿ ಸುತ್ತಿ, ಊರವರು ಹೂಳಿದ್ದ ಗುಂಡಿಗಳನ್ನು ತೆಗೆದವು. ಇಂಜಿನ್ನಿನ ಮೇಲಿನ ಸಂಖ್ಯೆ, ಬಟ್ಟೆಯ ಮೇಲಿನ ಲಾಂಡ್ರಿ ಗುರುತು, ಒಂದು ಉಂಗುರ, ಇಂಥವುಗಳಿಂದ ಯಾರು ಯಾರೆಂದು ಬಿಡಿಸಿಕೊಂಡು ರೈನ್‌ಬರ್ಗ್, ಹಾನೋವರ್, ಡ್ಯೂರ್ನ್‌ಬಾಖ್‌ಗಳ ಯುದ್ಧ ಸಮಾಧಿಗಳಿಗೆ ಸಾಗಿಸಿದರು. ದೇಹಗಳನ್ನು ಬೇರ್ಪಡಿಸಲು ಆಗದಿದ್ದ ಕಡೆ ಇಡೀ ತಂಡಕ್ಕೆ ಒಂದೇ ಗುಂಡಿ. ಬೇರೆ ಸಮಾಧಿಗಳ ಕಲ್ಲುಗಳ ನಡುವೆ ಅಂತರವಿರುತ್ತದೆ. ಅಲ್ಲಿ ಮಾತ್ರ ಕಲ್ಲುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ.